ಭುವನೇಶ್ವರಿಯ ಚೀಟಿ

ನಾರಾಯಣಪೇಟೆಯ ಚನ್ನವೀರಮ್ಮ ಕುದುರಿಸಿದ ಮದುವೆಗಳು ಮುನ್ನೂರು ದಾಟಿವೆ. ಕೆಟ್ಟದ್ದು ಎರಡೇ, ಆ ಎರಡರಲ್ಲೂ ತಪ್ಪು ಗಂಡಿನ ಕಡೆಯವರದು ಎಂದು ಆಕೆ ಇಂದಿಗೂ ಸಾಧಿಸುತ್ತಾಳೆ. ಒಂಬತ್ತು ವರ್ಷದ ಹಿಂದೆ ಆಕೆಯ ವಧುವರರೆಲ್ಲ ನೋಟ್‌ಬುಕ್ಕು ಬಿಟ್ಟು ಫೋನಿನ ನೋಟ್ಸ್ ಆ್ಯಪಿಗೆ ಬಂದರು. ಒಬ್ಬೊಬ್ಬರಿಗೆ ಒಂದೊಂದು ಚೀಟಿ. ಈಗ ಪಟ್ಟಿ ಎಷ್ಟು ಉದ್ದವಾಗಿತ್ತೆಂದರೆ, ಬೇಕಾದ ಹುಡುಗನನ್ನು ಹುಡುಕುವಷ್ಟರಲ್ಲಿ ಅವನಿಗೆ ಮಗು ಹುಟ್ಟಿರುತ್ತಿತ್ತು.

ಅದಕ್ಕೇ ಭಾನುವಾರ ಅಣ್ಣನ ಮಗಳು ಭುವನೇಶ್ವರಿಯನ್ನು ಮಕ್ತಲ್‌ನಿಂದ ಕರೆಸಿದ್ದಳು. ಮಕ್ತಲ್‌ನಲ್ಲಿ ಹೆಂಗಸರಿಗೆ ಕಾರು ಕಲಿಸುವ ಭುವನೇಶ್ವರಿಗೆ ಫೋನೇನು ಮಹಾ!

"ಯಾವದೂ ಅಳಸಬ್ಯಾಡ ಮತ್ತ. ಅಕ್ಕಿಕಾಳು ಬಿದ್ದೋರನ್ನಷ್ಟ ದಫ್ತರಕ್ಕ ಹಾಕು," ಎಂದಳು ಅತ್ತೆ.

ಚೀಟಿಯನ್ನು ಅಳಿಸದೆ ಪಟ್ಟಿಯಿಂದ ಸರಿಸಿಡುವ ಆರ್ಕೈವ್ ಗುಂಡಿಗೆ ಅತ್ತೆ ಇಟ್ಟ ಹೆಸರು ದಫ್ತರ. ಮಂಟಪದಲ್ಲಿ ತಲೆಯ ಮೇಲೆ ಅಕ್ಕಿಕಾಳು ಬೀಳುವವರೆಗೆ ಯಾರ ಚೀಟಿಯೂ ಅಲ್ಲಿಗೆ ಹೋಗಕೂಡದು, ಅದು ಆಕೆಯ ಕಾನೂನು.

"ನರೇಂದರ್, ಗಟ್ಟು."

"ಬಿದ್ದಾವ. ಹಾಕು."

"ಕಾವ್ಯ, ಕೆ.ಟಿ. ದೊಡ್ಡಿ."

"ಬಿದ್ದಾವ. ಎರಡು ಮಕ್ಳು ಅದಾವ ಈಗ."

ಮಧ್ಯಾಹ್ನದ ಹೊತ್ತಿಗೆ ಪಟ್ಟಿಯ ತಳ ಕಂಡಿತು. ಎಲ್ಲಕ್ಕಿಂತ ಹಳೆಯ ಚೀಟಿ ಭುವನೇಶ್ವರಿಯದೇ. ಅವಳ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಒತ್ತಿದ್ದರೆ ಅತ್ತೆಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ತಾಯಿ ಸತ್ತ ಮೇಲೆ ಸಾಕಿದವಳಿಗೆ ಹೇಳದೆ ಹೋಗುವುದು ಅವಳಿಂದಾಗದು. ಫೋನನ್ನು ಅತ್ತೆಯ ಮಡಿಲಲ್ಲಿಟ್ಟಳು.

"ಅತ್ತಿ, ಇದನ್ನೂ ದಫ್ತರಕ್ಕ ಹಾಕು. ನಿನ್ನ ಕೈಲೇ ಆಗಬೇಕು."

"ಹುಚ್ಚಿ ಅದಿ ಏನ? ಅಕ್ಕಿಕಾಳೆಲ್ಲಿ ಬಿದ್ದಾವ?"

"ಲಗ್ನ ಒಲ್ಲೆ ಅಂತ ಆಣಿ ಮಾಡಿಲ್ಲ ನಾ. ಮನಸಿಗೆ ಬಂದಾಂವ ಸಿಕ್ಕರ ನಾನ ಕರಕೊಂಡು ಬರ್ತೀನಿ. ವಾರಕ್ಕೊಬ್ರ ಮುಂದ ಕುಂತು ತೋರಿಸಿಕೊಳ್ಳಾಕ ಮಾತ್ರ ಇನ್ನ ಒಲ್ಲೆ. ಒಮ್ಮೆ ಓದಿ ನೋಡು, ಅದು ನಾನ ಏನು?"

ಅತ್ತೆ ಕನ್ನಡಕ ಏರಿಸಿ ಜೋರಾಗಿಯೇ ಶುರು ಮಾಡಿದಳು. "ವಯಸ್ಸು ಇಪ್ಪತ್ತೆಂಟು." ಆರು ವರ್ಷದಿಂದ ಅದು ಇಪ್ಪತ್ತೆಂಟಕ್ಕೇ ನಿಂತಿತ್ತು. "ಮಾತು ಕಡಿಮೆ. ಮನೆಗೆಲಸದಲ್ಲಿ ಚುರುಕು. ಹೊರಗೆ ಹೋಗುವ ರೂಢಿ ಇಲ್ಲ." ಕೊನೆಯ ಸಾಲಿಗೆ ಬರುವಷ್ಟರಲ್ಲಿ ದನಿ ಇಳಿದಿತ್ತು. ಕಾರಿನ ಮಾತು ಇಡೀ ಚೀಟಿಯಲ್ಲಿ ಎಲ್ಲೂ ಇರಲಿಲ್ಲ. ತಾನೇ ಬರೆದದ್ದನ್ನು ಓದಿ ಚನ್ನವೀರಮ್ಮನಿಗೆ ನಾಚಿಕೆಯಾಯಿತು.

"ಎಷ್ಟು ಮಂದಿಗೆ ಕಲಿಸೀದಿ?"

"ಇನ್ನೂರ ಹನ್ನೆರಡು."

ಅತ್ತೆ ಒಂದೊಂದೇ ಅಕ್ಷರ ಒತ್ತಿ ತಿದ್ದಿದಳು. ವಯಸ್ಸು ಮೂವತ್ನಾಲ್ಕು. ಸ್ವಂತ ಡ್ರೈವಿಂಗ್ ಸ್ಕೂಲ್. ಇನ್ನೂರ ಹನ್ನೆರಡು ಹೆಂಗಸರ ಗುರು. ಮಾತು ಜಾಸ್ತಿ.

ಆಮೇಲೆ ಒಳಗೆ ಹೋಗಿ, ಹಿಡಿ ಅಕ್ಕಿಗೆ ಅರಿಶಿಣ ಕಲಸಿ ತಂದು ಭುವನೇಶ್ವರಿಯ ತಲೆಯ ಮೇಲೆ ಹಾಕಿದಳು. ನಾಲ್ಕು ಕಾಳು ಫೋನಿನ ಮೇಲೂ ಉದುರಿದವು. ಅವನ್ನು ಸೆರಗಿನಿಂದ ಸರಿಸಿ, ಗುಂಡಿ ಒತ್ತಿದಳು.

ಅಷ್ಟರಲ್ಲೇ ಫೋನು ಬಡಿದುಕೊಂಡಿತು. ಅಲಂಪುರದ ಗಂಡಿನ ಕಡೆಯವರು, ಮಕ್ತಲ್ ಹುಡುಗಿಯನ್ನು ನೋಡಲು ಯಾವಾಗ ಬರೋಣ ಎಂದು ಕೇಳುತ್ತಿದ್ದರು.

"ಬರಬ್ಯಾಡ್ರಿ," ಎಂದಳು ಚನ್ನವೀರಮ್ಮ, ಸೋದರಸೊಸೆಯ ಕೂದಲಲ್ಲಿ ಸಿಕ್ಕಿದ್ದ ಕಾಳೊಂದನ್ನು ನೋಡುತ್ತ. "ಆ ಹುಡುಗಿಗೆ ಅಕ್ಕಿಕಾಳು ಬಿದ್ದಾವ್ರಿ. ನಾನ ಹಾಕೀನಿ."