ಹೆಂಗಸರ ಕಲ್ಲು

ಊಟವಾದ ಮೇಲೆ ಹೊಟ್ಟೆ ಹಿಡಿದುಕೊಂಡು ಕೂರುವವರು ಯಾವ ಮನೆಯಲ್ಲಿಲ್ಲ? ಕೇಳಿದರೆ ಎಲ್ಲರದೂ ಒಂದೇ ಮಾತು, ಗ್ಯಾಸು. ನನ್ನ ತಮ್ಮನೂ ಅದನ್ನೇ ಹೇಳುತ್ತಿದ್ದ.

ಅವನು ದರ್ಜಿ. ಅವನು ಹೊಲಿದ ಅಂಗಿಗಳಿಗೆ ಪಕ್ಕದಲ್ಲಿ ಕೂತು ಗುಂಡಿ ಹಚ್ಚುತ್ತಿದ್ದವಳು ನಾನು. ಆ ಅಂಗಡಿ ಈಗಿಲ್ಲ. ಹೊಲಿಗೆ ಯಂತ್ರದ ಸದ್ದು, ಒದ್ದೆ ಬಟ್ಟೆಗೆ ಇಸ್ತ್ರಿ ತಾಗಿದಾಗ ಏಳುತ್ತಿದ್ದ ವಾಸನೆ ಮಾತ್ರ ಇನ್ನೂ ನನ್ನ ಜೊತೆಗಿವೆ.

ಅವನ ಹೆಂಡತಿಗೆ ಒಮ್ಮೆ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಡಾಕ್ಟರು ಹೊಟ್ಟೆಗೆ ಸಣ್ಣ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಪಿತ್ತಕೋಶ ತೆಗೆದರು. ಮರುದಿನವೇ ಮನೆಗೆ ಬಂದಳು. ತಮ್ಮ ಆ ಕಾಯಿಲೆಗೆ 'ಹೆಂಗಸರ ಕಲ್ಲು' ಎಂದು ಹೆಸರಿಟ್ಟ. ಬೀದಿಯಲ್ಲೆಲ್ಲ ಅದೇ ಹೆಸರು ನಿಂತಿತು.

ಆಮೇಲೆ ಅವನಿಗೇ ಬಲಪಕ್ಕೆಯ ಕೆಳಗೆ ನೋವು ಶುರುವಾಯಿತು. ಕರಿದದ್ದು ತಿಂದರೆ ಬೆನ್ನಿನವರೆಗೂ ಹಿಡಿಯುತ್ತಿತ್ತು. ಸೋಡಾ ಕುಡಿದು, ತೇಗಿ, ಮತ್ತೆ ಯಂತ್ರ ತುಳಿಯುತ್ತಿದ್ದ. ಹೀಗೇ ವರುಷ ಕಳೆಯಿತು.

ಒಂದು ದಿನ ಅಂಗಿ ಸಡಿಲ ಮಾಡಿಸಲು ಬಂದ ಆಸ್ಪತ್ರೆಯ ನರ್ಸು, ಅವನು ಪಕ್ಕೆ ಒತ್ತಿಕೊಂಡು ಬಗ್ಗಿದ್ದನ್ನು ನೋಡಿದಳು.

“ಅಣ್ಣಾ, ಸ್ಕ್ಯಾನ್ ಮಾಡಿಸಿದ್ರಾ?”

“ನಂಗ್ಯಾಕೆ ತಾಯಿ? ಅದು ಹೆಂಗಸರ ಕಲ್ಲು.”

“ಗಂಡೋ ಹೆಣ್ಣೋ ಅಂತ ಕಲ್ಲು ಕೇಳ್ಕೊಂಡು ಬರುತ್ತಾ? ಹೆಂಗಸರಿಗೆ ಜಾಸ್ತಿ ಆಗುತ್ತೆ, ನಿಜ. ಆದ್ರೆ ಆಪರೇಷನ್ ಕಷ್ಟ ಆಗೋದು ಗಂಡಸರಲ್ಲೇ ಜಾಸ್ತಿ.”

“ಅದ್ಯಾಕಮ್ಮಾ?” ಎಂದೆ ನಾನು.

“ಬಹಳ ಜನ ನೋವು ನುಂಗ್ಕೊಂಡು ತಡವಾಗಿ ಬರ್ತಾರೆ ಅಕ್ಕಾ. ಅಷ್ಟರಲ್ಲಿ ಪಿತ್ತಕೋಶ ಊದಿ, ದಪ್ಪ ಆಗಿ, ಸುತ್ತಮುತ್ತ ಅಂಟ್ಕೊಂಡಿರುತ್ತೆ. ತೂತಿನಿಂದ ಬಿಡಿಸೋಕೆ ಹೊತ್ತು ಹಿಡಿಯುತ್ತೆ. ಕೆಲವರಿಗೆ ಹೊಟ್ಟೆ ಕೊಯ್ಯಲೇಬೇಕಾಗುತ್ತೆ.”

“ಚೆನ್ನಾಗಿ ಹೆದರಿಸ್ತೀಯ,” ತಮ್ಮ ನಕ್ಕ.

“ಹೆದರ್ಲಿ ಬಿಡಿ ಸಿಸ್ಟರ್,” ಒಳಗಿನಿಂದ ಅವನ ಹೆಂಡತಿ ಅಂದಳು. “ನನ್ನ ನೋವಿಗೆ ಆಸ್ಪತ್ರೆಗೆ ಓಡಿದ್ರು. ತಮ್ಮದೇ ನೋವಿಗೆ ಮಾತ್ರ ಸೋಡಾ.”

ನಾನು ಅವನ ಕೈಲಿದ್ದ ಹಳೆಯ ಅಂಗಿ ತೋರಿಸಿದೆ. “ಲೋ, ಬರೀ ಹೊಲಿಗೆ ಬಿಚ್ಚೋದು ಸುಲಭನೋ, ಅಂಟು ಹಾಕಿದ ಕಾಲರ್ ಬಿಡಿಸೋದೋ?”

ಅವನು ಕತ್ತರಿ ಕೆಳಗಿಟ್ಟ. “ಅಂಟು ಬಿಡಿಸಕ್ಕೆ ಹೋದ್ರೆ ಬಟ್ಟೆ ಹರಿಯುತ್ತೆ ಅಕ್ಕಾ,” ಎಂದ ಮೆಲ್ಲಗೆ. ಮಾರನೆಯ ದಿನ ತಾನೇ ಆಸ್ಪತ್ರೆಗೆ ಹೊರಟ.

ಸ್ಕ್ಯಾನಿನಲ್ಲಿ ಕಲ್ಲು ಕಂಡವು. ಡಾಕ್ಟರು ಆಪರೇಷನ್ ತೂತಿನಿಂದಲೇ ಶುರುಮಾಡಿದರು. ಒಳಗೆಲ್ಲ ಅಂಟಿಕೊಂಡಿತ್ತು. ಜೀವಕ್ಕೆ ಅಪಾಯವಾಗಬಾರದೆಂದು ಹೊಟ್ಟೆ ತೆರೆದು ತೆಗೆದರು. ತಮ್ಮ ಗುಣವಾದ, ಆದರೆ ಮತ್ತೆ ಯಂತ್ರ ತುಳಿಯಲು ಬಹಳ ವಾರ ಬೇಕಾಯಿತು.

“ನಿಂಗೆ ಗುಂಡಿ ಹಾಕೋ ಕಾಜಾ ಇಟ್ರು ಕಣೇ, ನಂಗೆ ಜೇಬನ್ನೇ ಇಟ್ರು,” ಎಂದು ಹೆಂಡತಿಗೆ ಹೇಳಿ, ನಗಲು ಹೋಗಿ ಗಾಯ ಹಿಡಿದುಕೊಂಡ.

ಅಕ್ಕಂದಿರೇ, ಅಣ್ಣಂದಿರೇ, ಬಲಪಕ್ಕೆಯ ನೋವು ಮರಳಿ ಮರಳಿ ಬಂದರೆ ಗ್ಯಾಸೆಂದು ತಳ್ಳಿಹಾಕಬೇಡಿ, ಸ್ಕ್ಯಾನ್ ಮಾಡಿಸಿ. ನೋವಿನ ಜೊತೆ ಜ್ವರ ಬಂದರೆ, ಕಣ್ಣು ಹಳದಿಯಾದರೆ ಆಗಲೇ ಹೊರಡಿ. ಆಪರೇಷನ್ ಬೇಕೆಂದರೆ ಮುಂದೂಡಬೇಡಿ. ಮನೆಯ ಗಂಡಸು ‘ನನಗೇನೂ ಆಗಿಲ್ಲ’ ಎಂದರೂ ಕೈಹಿಡಿದು ಕರೆದುಕೊಂಡು ಹೋಗಿ. ಬೈದರೆ ಬೈಯಲಿ. ಬೈಯಲು ಆಳು ಗಟ್ಟಿಯಾಗಿರಬೇಕಲ್ಲ.