ಹತ್ತದ ದೀಪ

'ಒಬ್ಬರೇ ಓಡಿಸಿದ ಗಾಡಿ, ಗುಡಿಗೆ ಹೋಗಿ ಬಂದದ್ದು ಬಿಟ್ಟರೆ ಮನೆ ಮುಂದೆಯೇ ನಿಂತಿತ್ತು' ಎಂದು ನನ್ನ ಬಗ್ಗೆ ಯಾರಾದರೂ ಹೇಳಿದರೆ ನಂಬಬೇಡಿ. ನಾನು ಒಂದು ಕಾರು. ಹಿಂದೆ ಡಿಕ್ಕಿ ಇರುವ, ನಾಲ್ವರು ಆರಾಮಾಗಿ ಕೂತು ಐದನೆಯವರು ಮುದುರಿಕೊಳ್ಳಬೇಕಾದ ಸಣ್ಣ ಸೆಡಾನ್. ನನ್ನ ಕತೆಯನ್ನು ನಾನೇ ಹೇಳಲು ಹೊರಟಿರುವುದು ಹೆಮ್ಮೆಗಲ್ಲ. ನನ್ನ ಬಗ್ಗೆ ಬೇರೆಯವರು ಹೇಳಿದ್ದನ್ನು ಬಾಯಿಲ್ಲದೆ ಕೇಳಿ ಕೇಳಿ ನನ್ನ ಸಿಟ್ಟು ಇನ್ನೂ ಆರಿಲ್ಲ.

ನಾನು ಹುಟ್ಟಿದ್ದು ದೊಡ್ಡ ಕಾರ್ಖಾನೆಯ ಉದ್ದನೆಯ ಸಾಲಿನಲ್ಲಿ. ಮೊದಲು ಬರಿಯ ಎಲುಬುಗೂಡು. ಆಮೇಲೆ ಬಾಗಿಲು, ಬಣ್ಣ, ಇಂಜಿನ್ನು. ಕಡೆಗೆ ಕೈಗವಸು ತೊಟ್ಟ ಒಬ್ಬ ಹುಡುಗಿ ನನ್ನ ಸ್ಟೇರಿಂಗಿನ ನಡುವೆ ಒಂದು, ಪಕ್ಕದ ಸೀಟಿನ ಎದುರು ಒಂದು, ಹೀಗೆ ಎರಡು ಏರ್‌ಬ್ಯಾಗುಗಳನ್ನು ಮಡಿಸಿದ ಸೀರೆಯ ಹಾಗೆ ಒಳಗಿಟ್ಟಳು. ಇಟ್ಟವಳು ಅವುಗಳ ಮೇಲೆ ಮೆಲ್ಲಗೆ ತಟ್ಟಿ, ಇವು ಎಂದೂ ಕೆಲಸಕ್ಕೆ ಬಾರದಿರಲಿ ಎಂದು ಹಾರೈಸಿದಳು. ಚಾವಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಪುಟ್ಟ ಕೆಂಪು ದೀಪವೊಂದು ಹತ್ತುತ್ತಿತ್ತು. ಏರ್‌ಬ್ಯಾಗುಗಳು ಸರಿಯಾಗಿವೆಯೇ ಎಂದು ನೋಡಿಕೊಂಡು, ಸರಿಯಾಗಿದ್ದರೆ ತಾನೇ ಆರುತ್ತಿತ್ತು. ಹತ್ತಿ ಆರುವುದು, ಅಷ್ಟೇ ಅದರ ಕೆಲಸ.

ನನ್ನ ಮೊದಲ ಯಜಮಾನ ಬೆಳಗಾವಿಯ ಅನಂತ ಪೋತದಾರ. ಬೆಳ್ಳಿ ಸಾಮಾನಿನ ಅಂಗಡಿ. ಬೆಳ್ಳಿಯನ್ನು ಒರೆಸುವಷ್ಟೇ ನಯವಾಗಿ ನನ್ನನ್ನೂ ಒರೆಸುತ್ತಿದ್ದರು. ರಸ್ತೆಯುಬ್ಬು ಬಂದರೆ "ಸಾವಕಾಶ, ಸಾವಕಾಶ" ಎಂದು ನನಗೇ ಹೇಳುತ್ತಿದ್ದರು. ಆರು ವರ್ಷ ಸುಖವಾಗಿದ್ದೆ. ಒಂದು ಮುಸ್ಸಂಜೆ ಹೆದ್ದಾರಿಯಲ್ಲಿ, ಹಿಂದೆ ದೀಪವಿಲ್ಲದೆ ನಿಂತ ಕಬ್ಬಿನ ಟ್ರೇಲರ್ ಅವರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಬ್ರೇಕು ಕಿರುಚಿತು. ಮುಂದಿನ ಕ್ಷಣ ನನ್ನ ಮೂತಿ ನುಚ್ಚುನೂರಾಯಿತು. ಅದೇ ಕ್ಷಣದಲ್ಲಿ ನನ್ನ ಎದೆಯೊಳಗಿನ ಎರಡೂ ಚೀಲಗಳು ಸಿಡಿದು ಉಬ್ಬಿ ಪೋತದಾರರನ್ನೂ ಅವರ ಹೆಂಡತಿಯನ್ನೂ ಹಿಡಿದುಕೊಂಡವು. ಇಬ್ಬರೂ ನಡೆದುಕೊಂಡೇ ಹೊರಗೆ ಬಂದರು. ಆಕೆ ರಸ್ತೆಬದಿಯಲ್ಲಿ ಕೂತು ಅಳುತ್ತಿದ್ದಾಗ ನನ್ನ ಎಣ್ಣೆ, ನೀರು ಎಲ್ಲ ನೆಲಕ್ಕೆ ಹರಿಯುತ್ತಿತ್ತು. ಆದರೂ ಹೇಳುತ್ತೇನೆ, ಅಂಥ ಸಾರ್ಥಕ ಗಳಿಗೆ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ. ಅಲ್ಲಿಗೇ ನನ್ನನ್ನು ಮುರಿದು ಕರಗಿಸಿದ್ದರೆ ನನಗೆ ಯಾರ ಮೇಲೂ ದೂರಿರಲಿಲ್ಲ.

ಕರಗಿಸಲಿಲ್ಲ. ವಿಮೆಯವರು ಪೋತದಾರರಿಗೆ ಹಣ ಕೊಟ್ಟು ನನ್ನನ್ನು ಗುಜರಿಯ ಬೆಲೆಗೆ ಹರಾಜು ಹಾಕಿದರು. ಹಿಡಿದವನು ಹುಬ್ಬಳ್ಳಿಯಲ್ಲಿ ಹಳೆಯ ಕಾರುಗಳ ವ್ಯಾಪಾರ ಮಾಡುವ ಚಂದ್ರಹಾಸ. ಹಣೆಗೆ ಕುಂಕುಮ, ಬಾಯಲ್ಲಿ ಬೆಲ್ಲ, ಬೆರಳಿಗೆರಡು ಉಂಗುರ. ಅವನ ಶೆಡ್ಡಿನಲ್ಲಿ ನನ್ನ ಮೂತಿಯನ್ನು ಬಡಿದು ನೆಟ್ಟಗೆ ಮಾಡಿದರು, ಬಣ್ಣ ಬಳಿದರು. ಓಡಿದ ದೂರವನ್ನು ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸಿ ನನ್ನ ವಯಸ್ಸನ್ನು ಅರ್ಧಕ್ಕಿಳಿಸಿದರು. ಅದನ್ನೂ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಆದರೆ ಒಮ್ಮೆ ಸಿಡಿದ ಏರ್‌ಬ್ಯಾಗು ಮತ್ತೆ ಬರುವುದಿಲ್ಲ, ಹೊಸದನ್ನೇ ಹಾಕಬೇಕು. ಚಂದ್ರಹಾಸ ಹಾಕಿಸಲಿಲ್ಲ. ಬರಿದಾದ ಗೂಡಿಗೆ ಕೈಗೆ ಸಿಕ್ಕ ಚಿಂದಿ ತುರುಕಿಸಿ, ಮೇಲೊಂದು ಪ್ಲಾಸ್ಟಿಕ್ ಮುಚ್ಚಳ ಅಂಟಿಸಿದ. ಕೆಂಪು ದೀಪ ಆರದೆ ಉರಿಯುತ್ತಲೇ ಇದ್ದು ಗುಟ್ಟು ರಟ್ಟು ಮಾಡೀತೆಂದು ಅದರ ತಂತಿಯನ್ನೂ ಕತ್ತರಿಸಿ ಹಾಕಿಸಿದ. ಎರಡು ಜೀವ ಉಳಿಸಿದ ಎದೆಗೆ ಚಿಂದಿ! ಕೂಗಲು ನನಗೆ ಹಾರನ್ನೊಂದೇ ಇತ್ತು. ಅದನ್ನೂ ಅವರು ಒತ್ತಿದಾಗಷ್ಟೇ ಕೂಗಬೇಕು.

ಮೊದಲು ಮೋಸಹೋದವನು ಸುಹಾಸ, ಔಷಧ ಕಂಪನಿಯ ತಿರುಗಾಟದ ಕೆಲಸದವನು. ನನ್ನ ಬಣ್ಣ ನೋಡಿ ಮರುಳಾಗಿ, ಮರುದಿನವೇ ಒಯ್ದ. ಎರಡು ವರ್ಷ ಗದಗ, ಕೊಪ್ಪಳ, ಹೊಸಪೇಟೆ ಎಂದು ನನ್ನನ್ನು ಓಡಾಡಿಸಿದ. ಅವನು ಹಾಡು ಗುನುಗುತ್ತ ಲಾರಿಗಳನ್ನು ಹಿಂದೆ ಹಾಕುವಾಗ ನಾನು ಒಳಗೊಳಗೇ ನಡುಗುತ್ತಿದ್ದೆ. ಕಡೆಗೆ ಒಂದು ಗ್ಯಾರೇಜಿನಲ್ಲಿ ಕತ್ತರಿಸಿದ ತಂತಿ ಕಣ್ಣಿಗೆ ಬಿತ್ತು. ಏರ್‌ಬ್ಯಾಗೇ ಇಲ್ಲವೆಂದು ಸುಹಾಸನಿಗೆ ಗೊತ್ತಾಯಿತು. ಈಗಲಾದರೂ ಒಬ್ಬರು ನ್ಯಾಯ ಕೇಳುತ್ತಾರೆ ಎಂದುಕೊಂಡೆ. ಅವನು ಚಂದ್ರಹಾಸನ ಅಂಗಡಿಗೆ ನುಗ್ಗಿದ್ದೇನೋ ನಿಜ. ಚಾ ತರಿಸಿದ ಚಂದ್ರಹಾಸ ಹೇಳಿದ:

"ಸಾಹೇಬ್ರ, ಗದ್ಲ ಮಾಡಿದ್ರ ನಿಮ್ಮ ಗಾಡಿ ರೇಟs ಬೀಳತೈತಿ. ಸುಮ್ನಿರ್ರಿ. ನಾನs ವಾಪಸ್ ತಗೋತೀನಿ, ಬ್ಯಾರೆ ಗಾಡಿ ಕೊಡ್ತೀನಿ."

ಸುಹಾಸ ಚಾ ಕುಡಿದ. ಬೇರೆ ಗಾಡಿಯ ಚಾವಿ ತೆಗೆದುಕೊಂಡ. ನನ್ನ ಕಡೆ ತಿರುಗಿಯೂ ನೋಡದೆ ಹೋದ. ಮೋಸ ಮಾಡಿದವನ ಮೇಲೆ ಎಷ್ಟು ಸಿಟ್ಟಿದೆಯೋ, ಮೋಸ ತಿಳಿದೂ ಅದನ್ನು ಮುಂದಿನವರಿಗೆ ದಾಟಿಸಿದ ಇವನ ಮೇಲೆ ಅದಕ್ಕಿಂತ ಒಂದು ಹಿಡಿ ಹೆಚ್ಚಿದೆ.

ಮತ್ತೆ ಪಾಲಿಶ್. ಕನ್ನಡಿಗೆ ನಿಂಬೆಕಾಯಿ, ಮೆಣಸಿನಕಾಯಿ. ಮತ್ತೆ ಅದೇ ಮಾತು: ಒಬ್ಬರೇ ಓಡಿಸಿದ ಗಾಡಿ.

ಆಗ ಬಂದಳು ಇಂದುಮತಿ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ, ನಡುವಯಸ್ಸು, ಮೂಗಿನ ಮೇಲೆ ಜಾರುವ ಕನ್ನಡಕ. ಜೊತೆಗೆ ಗಾಲಿಕುರ್ಚಿಯಲ್ಲಿ ಅವಳ ಗಂಡ ಅರವಿಂದ. ಬೈಕಿನಿಂದ ಬಿದ್ದ ಪೆಟ್ಟಿಗೆ ಅವನ ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ಆಟೋ ಹತ್ತಬೇಕಾದರೂ ಯಾರಾದರೂ ಎತ್ತಿ ಕೂರಿಸಬೇಕು. ಅದು ಬೇಸರವಾಗಿ ಅವನು ಹೊರಗೆ ಹೋಗುವುದನ್ನೇ ಬಿಟ್ಟಿದ್ದ. ಅದಕ್ಕೇ ಅವಳು ಕಾರು ಓಡಿಸಲು ಕಲಿತಿದ್ದಳು. ಗಾಲಿಕುರ್ಚಿ ಹಿಡಿಸುವ ಡಿಕ್ಕಿ, ಅವನು ಜಾರಿ ಕೂರಲು ಎತ್ತರ ಸರಿಯಾದ ಮುಂದಿನ ಸೀಟು, ಇಷ್ಟು ಬೇಕು. ಹೊಸದು ಕೈಗೆಟುಕದು.

ಚಂದ್ರಹಾಸ ಮಾತೆಲ್ಲ ಅರವಿಂದನ ಕಡೆಗೇ ಆಡಿದ. "ಸರ, ಮೈಲೇಜ್ ನೋಡ್ರಿ. ಸರ, ಸೀಟ್ ನೋಡ್ರಿ."

"ಗಾಡಿ ತಗೊಳ್ಳಾಕಿ ಆಕಿ," ಅಂದ ಅರವಿಂದ. "ನಾ ಬರೇ ಕೂಡಾಂವ. ಆಕಿಗೆ ಹೇಳ್ರಿ."

ಇಂದುಮತಿಯಂಥ ಗಿರಾಕಿಯನ್ನು ನಾನು ನೋಡಿರಲಿಲ್ಲ. ಎರಡು ತಿಂಗಳಿಂದ ಕೆಲಸ ಮುಗಿಸಿ ಮನೆಗೆ ಹೋಗುವ ಮುನ್ನ ರೈಲ್ವೆ ಸ್ಟೇಷನ್ ಎದುರಿನ ಟ್ಯಾಕ್ಸಿಯವರ ಹತ್ತಿರ ನಿಂತು, ಈ ಜಾತಿಯ ಗಾಡಿಯಲ್ಲಿ ಮೊದಲು ಏನು ಕೆಡುತ್ತದೆ, ಎಷ್ಟು ಓಡಿದ ಮೇಲೆ ಕ್ಲಚ್ಚು ಸೋಲುತ್ತದೆ, ಇಷ್ಟು ಹಳತಾದರೆ ಎಷ್ಟಕ್ಕೆ ಕೊಂಡರೆ ನ್ಯಾಯ ಎಂದು ಕೇಳಿಕೊಂಡಿದ್ದಳಂತೆ. ಅವರೂ ಮೊದಮೊದಲು ನಕ್ಕು, ಆಮೇಲೆ ಅಕ್ಕೋರು ಬಂದರು ಎಂದು ಜಾಗ ಬಿಡತೊಡಗಿದರಂತೆ. ಅವಳು ಬಾಗಿಲ ರಬ್ಬರು ಎಳೆದು ನೋಡಿದಳು. ನೆರಿಗೆ ಎತ್ತಿ ಕಟ್ಟಿ, ನೆಲಕ್ಕೆ ಮೊಣಕಾಲೂರಿ ನನ್ನ ಹೊಟ್ಟೆಯ ಕೆಳಗೆ ಇಣುಕಿದಳು. ಪೆಡಲಿನ ರಬ್ಬರು ಸವೆದದ್ದನ್ನು ಬೆರಳಿನಿಂದ ಮುಟ್ಟಿ, ಮೀಟರ್ ನೋಡಿ, ಹುಬ್ಬು ಗಂಟಿಕ್ಕಿದಳು. 'ನೋಡು ತಾಯಿ, ಇನ್ನೂ ನೋಡು' ಎಂದು ನಾನು ಬೇಡಿಕೊಳ್ಳುತ್ತಿದ್ದೆ.

"ಏನ್ ವೈನಿ, ಹೆಣ್ ನೋಡಾಕ್ ಬಂದಂಗ ನೋಡಾಕತ್ತೀರಿ!" ಎಂದು ಚಂದ್ರಹಾಸ ನಕ್ಕ.

ಅವಳು ನಗಲಿಲ್ಲ. ಚಾಲಕನ ಸೀಟಿನಲ್ಲಿ ಕೂತು ಚಾವಿ ತಿರುಗಿಸಿದಳು. ತೆಗೆದಳು. ಮತ್ತೆ ತಿರುಗಿಸಿದಳು. ಎಲ್ಲ ದೀಪಗಳೂ ಹತ್ತಿ ಆರಿದವು, ಒಂದನ್ನು ಬಿಟ್ಟು.

"ಏರ್‌ಬ್ಯಾಗಿನ ದೀಪ ಯಾಕ ಹತ್ತವಲ್ದು?"

"ಹತ್ತಿಲ್ಲಂದ್ರ ಏನೂ ತ್ರಾಸ್ ಇಲ್ಲಂತ ಅರ್ಥ, ವೈನಿ."

"ಅಲ್ರೀ. ಹತ್ತಿ ಆರಬೇಕು. ಹತ್ತದs ಇದ್ರ ಯಾರೋ ಕೈ ಮಾಡ್ಯಾರ ಅಂತ ಅರ್ಥ. ಸ್ಟೇರಿಂಗಿನ ಮುಚ್ಚಳ ತಗೀರಿ, ಒಳಗ ನೋಡೋಣ."

ಚಂದ್ರಹಾಸನ ಬಾಯಿಯ ಬೆಲ್ಲ ಕರಗಿತು. ಕಂಪನಿಯ ಸೀಲು, ತೆಗೆಯಲು ಬರುವುದಿಲ್ಲ ಎಂದ. ಬೇರೆ ಗಿರಾಕಿ ಕಾಯುತ್ತಿದ್ದಾರೆ ಎಂದ. ಅವಳು ಅಲುಗದಿದ್ದಾಗ ಹತ್ತಿರ ಬಂದು ದನಿ ತಗ್ಗಿಸಿದ.

"ಒಂದ್ ಮಾತು. ಐವತ್ತ್ ಸಾವಿರ ಕಡಿಮಿ ಮಾಡ್ತೀನಿ. ಇಲ್ಲಿಗೆ ಬಿಡ್ರಿ. ಊರಾಗs ಓಡಸಾಕ್ ಅದೆಲ್ಲಾ ಯಾಕ್ ಬೇಕು?"

ಇಂದುಮತಿ ಕೆಳಗಿಳಿದಳು. "ಇಲ್ಲಿ ಕೂಡಾಂವ ನನ್ನ ಗಂಡ. ಗಾಡಿ ಎಲ್ಲ್ಯರೆ ಬಡೀತಂದ್ರ ಕಾಲೂರಿ ತಡ್ಕೊಳ್ಳಿಕ್ಕೂ ಆಗೂದಿಲ್ಲ ಅವಗ. ನಿಮ್ಮ ಐವತ್ತ್ ಸಾವಿರ ಯಾರ ಎದಿಗೆ ಕಟ್ಟಲ್ರಿ? ಬೆಲಿ ಗಾಡಿಗೆ ಕಟ್ಟೋದು, ಮನಷ್ಯಾಗಲ್ಲ."

ಅವಳು ಗಾಲಿಕುರ್ಚಿ ತಳ್ಳಿಕೊಂಡು ಹೊರಟಳು. ಆಟೋದವನು ಅರವಿಂದನನ್ನು ಎತ್ತಿ ಕೂರಿಸಿದ. ಅಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಸುಹಾಸನೂ ಹೀಗೆಯೇ ಹೋದವನಲ್ಲವೇ.

ಆಗ ಈರಣ್ಣ ಎಂಬವನು ಒಳಗೆ ಬಂದ. ನವನಗರದಲ್ಲಿ ಸಣ್ಣ ಬೇಕರಿ ಇಟ್ಟುಕೊಂಡವನು. ಹಿಂದಿನ ದಿನವೇ ನನ್ನನ್ನು ನೋಡಿ, ಕೇಳಿದ ಬೆಲೆಗೆ ಒಪ್ಪಿ ಮುಂಗಡ ಕೊಟ್ಟಿದ್ದ. ಇಷ್ಟಾದರೂ ಚಂದ್ರಹಾಸ ಇಂದುಮತಿಗೂ ನನ್ನನ್ನು ತೋರಿಸಿದ್ದ! ಈರಣ್ಣನ ಜೊತೆ ಹೆಂಡತಿ, ತೊಡೆಯೆತ್ತರದ ಮಗಳು. ಮಗು ಓಡಿಬಂದು ನನ್ನ ಮುಂದಿನ ಸೀಟಿಗೆ ಹತ್ತಿ, ಡ್ಯಾಶ್‌ಬೋರ್ಡಿಗೆ ಗಲ್ಲ ಒತ್ತಿ, "ಅಪ್ಪಾ, ಇದು ನನ್ ಜಾಗಾ!" ಎಂದಿತು. ಆ ಗಲ್ಲದ ಕೆಳಗೆ ಖಾಲಿ ಗೂಡಿತ್ತು. ಆ ಹೊತ್ತಿನಲ್ಲಿ ನನಗೆ ಉಂಟಾದ ಸಿಟ್ಟನ್ನು ಹೇಳಲು ಯಾವ ಭಾಷೆಯೂ ಸಾಲದು.

ಆಟೋ ಹೊರಡಲಿಲ್ಲ. ಇಂದುಮತಿ ಇಳಿದು ತಿರುಗಿ ಬರುತ್ತಿದ್ದಳು.

"ಅಣ್ಣಾರ," ಎಂದಳು ಈರಣ್ಣನಿಗೆ, "ಇದರೊಳಗ ಏರ್‌ಬ್ಯಾಗ್ ಇಲ್ಲ ಅಂತ ನನಗ ಸಂಶೆ ಅದ. ಕೂಸಿನ್ನ ಕೆಳಗಿಳಸ್ರಿ."

"ಏ ವೈನಿ! ನಿಮ್ಮ ಸೌದಾ ಆಗಿಲ್ಲಂತ ಮಂದಿ ಸೌದಾ ಕೆಡಸ್ತೀರಿ?" ಎಂದು ಚಂದ್ರಹಾಸ ಅಬ್ಬರಿಸಿದ. ಈರಣ್ಣ ಒಮ್ಮೆ ಅವನ ಮುಖ, ಒಮ್ಮೆ ಇವಳ ಮುಖ ನೋಡಿ ಗೊಂದಲಕ್ಕೆ ಬಿದ್ದ.

ಅವಳು ವಾದ ಮಾಡಲಿಲ್ಲ. ನನ್ನ ಪಕ್ಕದಲ್ಲಿ ನನ್ನದೇ ಜಾತಿಯ ಇನ್ನೊಂದು ಗಾಡಿ ನಿಂತಿತ್ತು, ಚಾವಿ ಅದರಲ್ಲೇ ಇತ್ತು. ಈರಣ್ಣನನ್ನು ಕರೆದು ಅದರ ಚಾವಿ ತಿರುಗಿಸಿ ತೋರಿಸಿದಳು. ಕೆಂಪು ದೀಪ ಹತ್ತಿತು, ಆರಿತು. ಆಮೇಲೆ ನನ್ನದನ್ನು ತಿರುಗಿಸಿದಳು. ಹತ್ತಲಿಲ್ಲ. ಈರಣ್ಣ ಬಗ್ಗಿ ನೋಡಿದ. ತಾನೇ ಸೀಟಿನಲ್ಲಿ ಕೂತು ಇನ್ನೊಮ್ಮೆ ತಿರುಗಿಸಿದ. ಆಮೇಲೆ ಜೇಬಿನಿಂದ ಬೇಕರಿಯ ಉದ್ದನೆಯ ಚಾವಿ ತೆಗೆದು, ಚಂದ್ರಹಾಸ ಕೈ ಹಿಡಿಯುವುದರೊಳಗೆ, ಸ್ಟೇರಿಂಗಿನ ಮುಚ್ಚಳದ ಸಂದಿಗೆ ತೂರಿಸಿ ಮೀಟಿದ. ಅಂಟು ಪಟಾರನೆ ಬಿಟ್ಟಿತು. ನನ್ನ ಎದೆಯಿಂದ ಅವನ ತೊಡೆಯ ಮೇಲೆ ಬಿದ್ದದ್ದು ಎಣ್ಣೆ ಮೆತ್ತಿದ, ತೋಳು ಹರಿದ ಒಂದು ಹಳೆಯ ಬನಿಯನ್ನು.

ಈರಣ್ಣನ ಹೆಂಡತಿ ಬಂದು ಮಗಳನ್ನು ಸೀಟಿನಿಂದ ಎಳೆದು ಎದೆಗೆ ಅವುಚಿಕೊಂಡಳು. "ನಿನ್ ಹೊಟ್ಟ್ಯಾಗೂ ಮಕ್ಳು ಹುಟ್ಟ್ಯಾವಿಲ್ಲೋ?" ಎಂದು ಚಂದ್ರಹಾಸನನ್ನು ಕೇಳಿದಳು. ರಸ್ತೆಯ ಜನ ಒಳಗೆ ಬಂದರು. ಅವರ ಹಿಂದೆ ಪೊಲೀಸರು ಬಂದರು.

ಅಂದಿನಿಂದ ನಾನು ಪೊಲೀಸ್ ಠಾಣೆಯ ಹಿತ್ತಲಿನಲ್ಲಿದ್ದೇನೆ. ನನ್ನ ಗಾಜಿಗೆ ಒಂದು ಸಂಖ್ಯೆ ಅಂಟಿಸಿದ್ದಾರೆ. ನಾನೀಗ ಗಾಡಿಯಲ್ಲ, ಸಾಕ್ಷಿ. ಎಡಕ್ಕೆ ಸುಟ್ಟ ಲಾರಿ, ಬಲಕ್ಕೆ ಕಳ್ಳತನದ ಬೈಕುಗಳ ರಾಶಿ. ಮೇಲೆ ಬೇವಿನ ಮರ. ಎಲೆ ಉದುರಿ ಬಾನೆಟ್ಟಿನ ಮೇಲೆ ಕೊಳೆಯುತ್ತದೆ. ಮೂರು ಟಯರು ಕೂತಿವೆ. ಸೀಟಿನೊಳಗೆ ಇಲಿ ಮರಿ ಹಾಕಿದೆ. ಜೀವಮಾನವೆಲ್ಲ ಮೂಕನಾಗಿದ್ದವನಿಗೆ ಕಡೆಗೊಮ್ಮೆ ಸಾಕ್ಷಿ ಹೇಳುವ ಯೋಗ ಬಂತು, ಆದರೆ ಕರೆಯುವವರಿಲ್ಲ. ಕೇಸು ಮುಂದಕ್ಕೆ, ಮತ್ತೂ ಮುಂದಕ್ಕೆ ಹೋಗುತ್ತಿದೆ. ಚಂದ್ರಹಾಸ ಜಾಮೀನಿನ ಮೇಲೆ ಹೊರಗಿದ್ದಾನೆ. ಬೇರೊಂದು ರಸ್ತೆಯಲ್ಲಿ, ಬೇರೊಂದು ಹೆಸರಿನ ಹಲಗೆ ಹಾಕಿ, ಅದೇ ವ್ಯಾಪಾರ ನಡೆಸಿದ್ದಾನೆ ಎಂದು ಇಲ್ಲಿಯ ಕಾನ್‌ಸ್ಟೆಬಲ್‌ಗಳೇ ಮಾತಾಡಿಕೊಳ್ಳುತ್ತಾರೆ. ಈರಣ್ಣನಿಗೆ ಮುಂಗಡದ ಹಣ ವಾಪಸ್ ಬಂತು. ಬೇಕರಿ ಬಿಟ್ಟು ಕೋರ್ಟಿಗೆ ಅಲೆಯುವುದು ಆಗದೆಂದು ಅವನು ಸುಮ್ಮನಾದ. ಅವನನ್ನು ನಾನು ಬೈಯಲಾರೆ. ಬೈಯದೆ ಇರಲೂ ಆರೆ.

ಮೊನ್ನೆ ಇಂದುಮತಿ ಹೇಳಿಕೆಗೆ ಸಹಿ ಹಾಕಲು ಬಂದಿದ್ದಳು. ಅವಳೇ ಓಡಿಸಿಕೊಂಡು ಬಂದಿದ್ದಳು. ಬೇರೊಂದು ಹಳೆಯ ಗಾಡಿ, ಬಣ್ಣ ಅಲ್ಲಲ್ಲಿ ಮಾಸಿದ್ದು. ಮುಂದಿನ ಸೀಟಿನಲ್ಲಿ ಅರವಿಂದ ಕಿಟಕಿಗೆ ಮೊಣಕೈಯೂರಿ ಕಡಲೆಕಾಯಿ ತಿನ್ನುತ್ತಿದ್ದ. ಗೇಟಿನ ಹತ್ತಿರ ಚಂದ್ರಹಾಸ ಕೈ ಮುಗಿದು ಅಡ್ಡ ನಿಂತ.

"ವೈನಿ, ನಿಮ್ಗೇನ್ ಲುಕ್ಸಾನ್ ಆಗೇತಿ? ನೀವ್ ಗಾಡಿ ತಗೊಂಡs ಇಲ್ಲ. ಈರಣ್ಣನೂ ಬಿಟ್ಟಾನ. ನೀವೂ ಬಿಟ್ಬಿಡ್ರಿ. ಎಷ್ಟಂತ ಅಡ್ಡಾಡ್ತೀರಿ?"

"ಅಡ್ಡಾಡ್ಲಿಕ್ಕೆ ಈಗ ಗಾಡಿ ಅದ ನನ್ನ ಹತ್ರ," ಎಂದಳು ಇಂದುಮತಿ. "ಕೋರ್ಟ್ ಕರದಾಗೊಮ್ಮೆ ನೀವು ಬರ್ರಿ. ನಾನೂ ಬರ್ತೀನಿ."

ಅವಳು ಅವನನ್ನು ದಾಟಿ ಠಾಣೆಯೊಳಗೆ ಹೋದಳು. ನನ್ನ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಚಂದ್ರಹಾಸ ಮಾತ್ರ ಬೇಲಿಯ ಆಚೆಯಿಂದ ನನ್ನನ್ನು ಬಹಳ ಹೊತ್ತು ನೋಡುತ್ತ ನಿಂತ. ಇನ್ನೆರಡು ಮಳೆಗಾಲಕ್ಕೆ ಇದು ಕರಗಿ ಮಣ್ಣಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದನೋ ಏನೋ.

ಆಗುವುದಿಲ್ಲ. ತುಕ್ಕು ಬಾಗಿಲನ್ನು ತಿನ್ನಲಿ, ನೆಲವನ್ನು ತಿನ್ನಲಿ. ಸ್ಟೇರಿಂಗಿನ ನಡುವಿನ ಆ ಖಾಲಿ ಗೂಡು ಬಾಯಿ ತೆರೆದುಕೊಂಡೇ ಇದೆ. ಕೇಳಲು ಬರುವವರು ಬರುವ ತನಕ ನಾನು ಅದನ್ನು ಮುಚ್ಚುವವನಲ್ಲ.