ಅಕ್ಕನಿಗೆ ಒಗ್ಗಿದ ಮಾತ್ರೆ

1.
ಎಲ್ಲಿಂದ ಶುರು ಮಾಡುವುದು? ಕಬಿನಿ ಅಣೆಕಟ್ಟಿನಿಂದ ಮಾಡಿದರೆ ನೀವು ನೀರಿನ ಕಥೆ ಅಂದುಕೊಳ್ಳುತ್ತೀರಿ. ‘ಮೆಥಿಲೇಷನ್’ ಎಂದು ಶುರು ಮಾಡಿದರೆ ಪುಸ್ತಕ ಮುಚ್ಚುತ್ತೀರಿ. (ಹಾಗೆ ಶುರು ಮಾಡಿದ ಸಲ ಕಥೆಗಾರನೇ ತೂಕಡಿಸಿದ.) ಮಾತ್ರೆಯಿಂದಲೇ ಮಾಡೋಣ.

2.
2003ನೇ ಇಸವಿ. ಕಬಿನಿ ಅಣೆಕಟ್ಟಿನ ಪಕ್ಕದ ಬೀಚನಹಳ್ಳಿಯ ಬೆಟ್ಟಸ್ವಾಮಿ ನಾಲೆಯ ತೂಬು ಎತ್ತಿ ಇಳಿಸುವ ನೌಕರ. ಹೆಂಡತಿ ಪ್ರಮೀಳಾಗೆ ಕೀಲುಗಳೆಲ್ಲ ಬಾತು ಮುಖದಲ್ಲಿ ಕೆಂಪು ಕಲೆ ಎದ್ದಾಗ ಮೈಸೂರಿನ ಡಾಕ್ಟರು ಒಂದು ಹಳದಿ ಮಾತ್ರೆ ಬರೆದುಕೊಟ್ಟರು. ರಾವಂದೂರಿನಲ್ಲಿದ್ದ ಅವಳ ಅಕ್ಕ ಜಯಲಕ್ಷ್ಮಮ್ಮನಿಗೂ ಇದೇ ಕಾಯಿಲೆ. ಇದೇ ಮಾತ್ರೆ ನುಂಗಿ ಆಕೆ ಮತ್ತೆ ಗದ್ದೆಗಿಳಿದು ನಾಟಿ ಹಾಕುತ್ತಿದ್ದಳು. ಇನ್ನೇನು ಬೇಕು? ಬೆಟ್ಟಸ್ವಾಮಿ ಒಂದು ಹೊತ್ತೂ ತಪ್ಪಿಸದೆ ಕೈಯಾರೆ ಕೊಟ್ಟ.

ಪ್ರಮೀಳಾಳ ಬಾಯೆಲ್ಲ ಹುಣ್ಣಾಯಿತು. ಕೂದಲು ಹಿಡಿಹಿಡಿಯಾಗಿ ಉದುರಿತು.

“ಈ ಮಾತ್ರೆ ನಂಗಾಗಕಿಲ್ಲ ಕಣ್ರೀ.”

“ನಿಮ್ಮಕ್ಕಂಗೆ ಆದದ್ದು ನಿಂಗ್ಯಾಕಾಗಕಿಲ್ಲ? ಕದ್ದು ಒಣಮೀನು ತಿಂದಿದ್ದೀಯ, ಪಥ್ಯ ಕೆಟ್ಟದೆ. ನುಂಗು.”

ಒಣಮೀನು ತಿಂದರೆ ಮೈಯೆಲ್ಲ ದದ್ದು ಏಳುತ್ತಿದ್ದದ್ದು ಅಕ್ಕನಿಗೆ. ಪ್ರಮೀಳಾಗೆ ಅದು ಎಂದೂ ಏನೂ ಮಾಡಿದ್ದಿಲ್ಲ. ಆದರೂ ನುಂಗಿದಳು.

3.
(ಇಲ್ಲಿ ಬೆಟ್ಟಸ್ವಾಮಿಯನ್ನು ದುಷ್ಟ ಗಂಡನನ್ನಾಗಿ ಮಾಡಿದ್ದ ಡ್ರಾಫ್ಟ್ ಒಂದಿತ್ತು. ಪ್ರಮೀಳಾ ಒಪ್ಪಲಿಲ್ಲ. “ಅವರು ಕೆಟ್ಟೋರಲ್ಲ ಬುಡಿ ಸ್ವಾಮಿ. ಕೆಟ್ಟೋರಾಗಿದ್ರೆ ಮಾತ್ರೆ ಕೊಡೋದ ಮರ್ತುಬುಡೋರು, ನಾನು ಆರಾಮಾಗಿರ್ತಿದ್ದೆ.” ಡ್ರಾಫ್ಟ್ ಒಲೆಗೆ ಹೋಯಿತು.)

4.
ಜ್ವರ ಏರಿ ಎಚ್ಚರ ತಪ್ಪಿದವಳನ್ನು ಜೀಪಿನಲ್ಲಿ ಮೈಸೂರಿಗೆ ಒಯ್ದರು. ರಕ್ತದಲ್ಲಿ ಬಿಳಿಕಣಗಳೇ ಇಲ್ಲವೆನ್ನುವಷ್ಟು ಕಡಿಮೆ. ಡಾಕ್ಟರು ಮಾತ್ರೆ ನಿಲ್ಲಿಸಿ, ರಕ್ತವನ್ನು ಹೊರಗಿನ ಲ್ಯಾಬಿಗೆ ಕಳಿಸಿದರು. ಅವಳು ಚೇತರಿಸಿಕೊಂಡ ಮೇಲೆ ಬೆಟ್ಟಸ್ವಾಮಿಯನ್ನು ಕೂರಿಸಿಕೊಂಡು ಹೇಳಿದರು:

“ಈ ಮಾತ್ರೆಗೆ ಮೆಥಿಲ್ ಅನ್ನೋ ಸಣ್ಣ ತುಣುಕು ಅಂಟಿಸಿ ಅದರ ಜೋರು ಇಳಿಸೋದು ದೇಹದ ಕೆಲಸ. ನಿಮ್ಮ ಮನೆಯವರಿಗೆ ಆ ಶಕ್ತಿ ಹುಟ್ಟಿನಿಂದಲೇ ಇಲ್ಲ. ಅವರ ಅಕ್ಕನಿಗೆ ಇದೆ. ಅಷ್ಟೇ ವ್ಯತ್ಯಾಸ.”

“ಒಣಮೀನು?”

“ಮೀನಿಂದೇನೂ ತಪ್ಪಿಲ್ಲ.”

“ನಮ್ಮ ಮಗೀಗೆ?”

“ಅಮ್ಮನಿಂದ ಈ ಕೊರತೆಯ ಒಂದು ಪಾಲು ಬಂದೇ ಇರುತ್ತೆ. ಮುಂದೆ ಯಾರಾದರೂ ಇದೇ ಮಾತ್ರೆ ಬರೆದರೆ ಈ ವಿಷಯ ಹೇಳಿ, ಸಾಕು.”

ಅವನಿಗೆ ಸಾಕಾಗಲಿಲ್ಲ.

5.
ಊರಿಗೆ ಬಂದ ಮೇಲೆ ಬೆಟ್ಟಸ್ವಾಮಿ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಹೆಂಡತಿಗೆ ಒಣಮೀನು ತಂದುಕೊಟ್ಟ. ಅವಳು ಹುರಿದು ತಿಂದು, ಅವನ ತಟ್ಟೆಗೂ ಎರಡು ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು. ಮಗಳು ಅನು ಉಣ್ಣುವಾಗ ತುತ್ತು ತುತ್ತನ್ನೂ ದಿಟ್ಟಿಸುತ್ತಾನೆ. ಕೆಮ್ಮಿದರೆ ಹಣೆ ಮುಟ್ಟಿ ನೋಡುತ್ತಾನೆ.

ಒಂದು ಬೆಳಿಗ್ಗೆ ಅನುಗೆ ಜ್ವರ. ನರ್ಸಮ್ಮ ಕೊಟ್ಟುಹೋದ ಮಾಮೂಲಿ ಜ್ವರದ ಮಾತ್ರೆ ಅವನ ಅಂಗೈಯಲ್ಲಿದೆ. ಮಗು ಬಾಯಿ ತೆರೆದಿದೆ. ಕೈ ಮುಂದಕ್ಕೆ ಹೋಗುತ್ತಿಲ್ಲ.

ಅಂತ್ಯ ಅ: ಕೊಡುತ್ತಾನೆ, ಜ್ವರ ಇಳಿಯುತ್ತದೆ. (ಆಸ್ಪತ್ರೆ ಗೋಡೆಯ ಬರಹದಂತಿದೆ.)

ಅಂತ್ಯ ಆ: ಮಾತ್ರೆ ಎಸೆದು, ಮಗುವನ್ನೆತ್ತಿಕೊಂಡು ಮೈಸೂರು ಬಸ್ಸಿಗೆ ಓಡುತ್ತಾನೆ. (ಸಿನಿಮಾ ಆಯಿತು.)

ಅಂತ್ಯ ಇ:

“ಅದು ಬೇರೆ ಮಾತ್ರೆ ಕಣ್ರೀ, ಕೊಡಿ,” ಎನ್ನುತ್ತಾಳೆ ಪ್ರಮೀಳಾ. ಅವನು ಕದಲುವುದಿಲ್ಲ. ಅವಳು ಅವನನ್ನು ಬಿಟ್ಟು ಕಥೆಗಾರನ ಕಡೆ ತಿರುಗುತ್ತಾಳೆ:

“ನೀವೇನು ಸ್ವಾಮಿ ಬರ್ಕೊಂಡು ಕೂತಿದ್ದೀರಿ? ಮಗೀಗೆ ಮೈ ಸುಡ್ತಾ ಅದೆ. ಏಳಿ, ಒಂದ್ ಲೋಟ ನೀರು ತನ್ನಿ.”